ಏಳನೇ ಗ್ರೀನ್ ಮಾಡಿದವರು ಯಾರು?

ಮೊದಲೇ ಹೇಳಿಬಿಡುತ್ತೇನೆ, ಈ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಮ್ಮ ಗಾಲ್ಫ್ ಬಯಲಿಗೆ ನಲವತ್ತು ವರ್ಷ ತುಂಬಿತೆಂದು ಆಡಳಿತ ಮಂಡಳಿಯವರು ಏಳನೇ ಗ್ರೀನಿನ ಪಕ್ಕ ಒಂದು ಕಲ್ಲು ನಿಲ್ಲಿಸಲು ಹೊರಟರು. ಗ್ರೀನ್ ಎಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳ. ಅಂಥವು ಹದಿನೆಂಟು ಇವೆ ನಮ್ಮಲ್ಲಿ. ಆದರೆ ಹೆಲ್ಸಿಂಕಿಯಿಂದ ಜನ ಕಾರು ಹೊಡೆದುಕೊಂಡು ಬರುವುದು ಏಳನೆಯದಕ್ಕೆ. ಕಲ್ಲಿನ ಮೇಲೆ ಕೆತ್ತಬೇಕಿದ್ದ ಹೆಸರು ವಿನ್ಯಾಸಕಾರ ಹಾಗ್‌ಮನ್‌ನದು.

ಶುದ್ಧ ಸುಳ್ಳು! ಅದನ್ನು ಮಾಡಿದವನು ಸುಲೋ, ಬುಲ್ಡೋಜರ್ ಓಡಿಸುತ್ತಿದ್ದ ಸುಲೋ. ನಾನು ಕಣ್ಣಾರೆ ಕಂಡಿದ್ದೇನೆ. ಆಗ ನನಗೆ ಹತ್ತೊಂಬತ್ತು. ಊರಿನವರೆಲ್ಲ ಸೇರಿ ಕೂಲಿಯಿಲ್ಲದೆ ಮಾಡುವ ತಾಲ್ಕೋ ಕೆಲಸಕ್ಕೆ ಬಂದು, ಗಾಲ್ಫ್ ಬಯಲಾಗಬೇಕಿದ್ದ ಆಲೂಗಡ್ಡೆ ಹೊಲಗಳಲ್ಲಿ ಕಲ್ಲು ಆರಿಸುತ್ತಿದ್ದೆ. ಸಂಜೆಗೆ ಬಟಾಣಿ ಸಾರು, ಆಮೇಲೆ ಸೌನಾದಲ್ಲಿ ಮೈ ಬೆವರಿಸುವುದು, ಅಷ್ಟೇ ನಮಗೆ ಸಿಗುತ್ತಿದ್ದದ್ದು. ಹಾಗ್‌ಮನ್ ನಮ್ಮೂರಿಗೆ ಬಂದದ್ದು ಎರಡೇ ಸಲ, ಅದೂ ಬೂಟಿಗೆ ಕೆಸರು ಮೆತ್ತಿತು ಎಂದು ಗೊಣಗುತ್ತಾ.

ಅವನ ನಕ್ಷೆಯಲ್ಲಿ ಏಳನೇ ಗ್ರೀನ್ ಸರೋವರದ ಪಕ್ಕದ ತಗ್ಗಿನಲ್ಲಿತ್ತು. ಸುಲೋ ನಕ್ಷೆ ನೋಡಿ ಪಕ್ಕಕ್ಕೆ ಉಗಿದ. ಆ ತಗ್ಗು ಅವನಪ್ಪನ ಹೊಲವಾಗಿತ್ತು. ಜೂನ್ ತಿಂಗಳಲ್ಲೂ ತಣ್ಣನೆಯ ಗಾಳಿ ಇಳಿದು ಬಂದು ಅಲ್ಲಿ ಕೂರುತ್ತದೆ, ಆಲೂಗಡ್ಡೆ ಗಿಡ ಕಪ್ಪಾಗುತ್ತದೆ. ಹಿಮ ಕರಗಿದ ನೀರು ಅಲ್ಲೇ ನಿಂತು ಮತ್ತೆ ಹೆಪ್ಪುಗಟ್ಟುತ್ತದೆ, ಅಡಿಯ ಹುಲ್ಲು ಉಸಿರುಕಟ್ಟಿ ಸಾಯುತ್ತದೆ. ಸುಲೋ ಯಾರನ್ನೂ ಕೇಳದೆ ಗ್ರೀನನ್ನು ಎಪ್ಪತ್ತು ಹೆಜ್ಜೆ ಮೇಲಕ್ಕೆ, ದಿಬ್ಬಕ್ಕೆ ಒಯ್ದ. ನೀರು ನಿಲ್ಲಬಾರದು ಎಂದು ಎಡಕ್ಕೊಂದು ಸಣ್ಣ ಇಳಿಜಾರು ಕೊಟ್ಟ. ಕಣ್ಣಿಗೆ ಕಾಣದ ಆ ಇಳಿಜಾರನ್ನೇ ಇವತ್ತು ಪತ್ರಿಕೆಯವರು ಬಾಯ್ತುಂಬ ಹೊಗಳುವುದು. ಎರಡನೇ ಸಲ ಬಂದ ಹಾಗ್‌ಮನ್ ಮೊದಲು ಕೂಗಾಡಿದ. ಆಮೇಲೆ ದಿಬ್ಬದ ಸುತ್ತ ಒಂದು ಸುತ್ತು ನಡೆದ. ಆಮೇಲೆ ಸದ್ದಿಲ್ಲದೆ ನಕ್ಷೆ ತಿದ್ದಿ ಸಹಿ ಹಾಕಿ ಹೋದ.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ!

ಈಗ ಆ ಬಯಲಿನ ಹುಲ್ಲಿಗೆಲ್ಲ ನಾನೇ ಮೇಸ್ತ್ರಿ. ನೆಟ್ಟಗೆ ಅಧ್ಯಕ್ಷ ಪೆಟ್ಟೇರಿಯ ಹತ್ತಿರ ಹೋದೆ. ಅವನು ಹಲ್ಲಿನ ಡಾಕ್ಟರು, ಬಾಯಿಗಳನ್ನು ಬಲ್ಲವನು.

"ಸಾಕ್ಷಿ ಏನಿದೆ ಇರ್ಮೆಲಿ? ನಕ್ಷೆ ಮೇಲಿರೋದು ಹಾಗ್‌ಮನ್ ಸಹಿ."

"ಸಾಕ್ಷಿ ನಾನೇ ಇದೀನಲ್ಲ! ಈ ಕಣ್ಣು ಸಾಲ್ದಾ?"

"ನೀನು ಹುಲ್ಲು ನೋಡ್ಕೋ, ಚರಿತ್ರೆ ನಮಗೆ ಬಿಡು," ಎಂದು ನಕ್ಕ. ಆಮೇಲೆ ಏನೋ ದಾನ ಕೊಡುವವನಂತೆ, "ಸುಲೋನೇ ಕೈಯಾರೆ ಬರೆದುಕೊಡ್ಲಿ, ನಾನೇ ಮಾಡಿದ್ದು ಅಂತ. ಅವತ್ತೇ ಹೆಸರು ಬದಲಾಯಿಸ್ತೀನಿ," ಎಂದ.

ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುಲೋನ ಬಾಯಿಂದ ತನ್ನದೇ ಬಗ್ಗೆ ಒಂದು ಒಳ್ಳೆಯ ಮಾತು ಹೊರಡಿಸುವುದೆಂದರೆ ಮರಳು ಹಿಂಡಿ ಎಣ್ಣೆ ತೆಗೆದ ಹಾಗೆ. ನಮ್ಮ ಜನವೇ ಹಾಗೆ. ತಾನು ಮಾಡಿದ್ದನ್ನು ತಾನು ಮಾಡಿದೆ ಎನ್ನುವುದು ನಮ್ಮಲ್ಲಿ ಕಳ್ಳತನಕ್ಕಿಂತ ನಾಚಿಕೆಗೇಡು.

ಸುಲೋನ ಮನೆಗೆ ಹೋದೆ. ಅವನಿಗೆ ಈಗ ಎಂಬತ್ತೆರಡು. ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಾ ಹೇಳಿದ, "ಕಲ್ಲು ಏನಕ್ಕೆ ಕಣೇ? ನಂಗೆ ಒಂದ್ಸಲ ಅಲ್ಲಿ ಆಡ್ಬೇಕು, ಅಷ್ಟೇ. ಕಣ್ಣು ಮಂಜಾಗ್ತಾ ಇದೆ. ಈ ಬೇಸಿಗೆ ಕಳೆದ್ರೆ ಚೆಂಡು ಕೂಡಾ ಕಾಣಲ್ಲ ಅಂದಿದಾರೆ ಡಾಕ್ಟ್ರು."

ನಲವತ್ತು ವರ್ಷದಲ್ಲಿ ಅವನು ಅಲ್ಲಿ ಒಂದು ಚೆಂಡನ್ನೂ ಹೊಡೆದಿರಲಿಲ್ಲ. ಈ ಫಿನ್‌ಲೆಂಡಿನಲ್ಲಿ ಅಣಬೆ ಕೀಳಲು ಯಾರ ಕಾಡಿಗೆ ಬೇಕಾದರೂ ನುಗ್ಗಬಹುದು. ಚಳಿಗಾಲದಲ್ಲಿ ಇದೇ ಬಯಲನ್ನು ಸ್ಕೀ ಮೇಲೆ ಯಾರು ಬೇಕಾದರೂ ದಾಟಬಹುದು. ಆದರೆ ಅಲ್ಲಿ ಚೆಂಡು ಹೊಡೆಯಬೇಕೆಂದರೆ ಹಸಿರು ಕಾರ್ಡ್ ಬೇಕು, ಕಾರ್ಡಿಗೆ ಪರೀಕ್ಷೆ ಬರೆಯಬೇಕು. ಅವನೊಬ್ಬನಿಗೆ ವಿನಾಯಿತಿ ಕೊಡಿ ಎಂದು ಕೇಳಿದೆ.

"ನಿಯಮ ಎಲ್ರಿಗೂ ಒಂದೇ," ಎಂದ ಪೆಟ್ಟೇರಿ.

ಮೈಯೆಲ್ಲ ಉರಿಯಿತು. ಹೊಲ ಕೊಟ್ಟವನಿಗೆ, ದಿಬ್ಬ ಕಡಿದು ಕೊಟ್ಟವನಿಗೆ ಪರೀಕ್ಷೆ!

ಸರಿ, ಪರೀಕ್ಷೆಯನ್ನೇ ಬರೆಸುತ್ತೇನೆ ಎಂದು ಹಟ ಹಿಡಿದೆ. ಹೊಡೆಯುವುದರಲ್ಲಿ ತೊಂದರೆಯಾಗಲಿಲ್ಲ. ಅಭ್ಯಾಸದ ಅಂಗಳದಲ್ಲಿ ನಾನೇ ಹೇಳಿಕೊಟ್ಟೆ, ಆ ಭಾಗ ಮೊದಲನೇ ಸಲಕ್ಕೇ ಪಾಸಾದ. ತಲೆನೋವಾದದ್ದು ಬರೆಯುವ ಪರೀಕ್ಷೆ. ಆರು ವಾರ ಅವನ ಅಡುಗೆಮನೆಯಲ್ಲಿ ಕೂತು ನಿಯಮ ಓದಿ ಹೇಳಿದೆ, ಗದರಿದೆ, ಮತ್ತೆ ಹೇಳಿದೆ. ಪ್ರಶ್ನೆಗಳ ಪಟ್ಟಿಯನ್ನು ಓದಿಕೊಳ್ಳಲೆಂದು ಮೊದಲೇ ಕೊಡುತ್ತಾರೆ. ಒಟ್ಟು ಇಪ್ಪತ್ತು ಪ್ರಶ್ನೆ, ಮೂರು ತಪ್ಪಿಗೆ ಮಾಫಿ, ನಾಲ್ಕಾದರೆ ಫೇಲು. ಕೊನೆಯ ಪ್ರಶ್ನೆಯನ್ನು ನಲವತ್ತು ತುಂಬಿದ ಹಬ್ಬದ ವರ್ಷಕ್ಕೆಂದು ಪೆಟ್ಟೇರಿಯೇ ಸೇರಿಸಿದ್ದ: ನಮ್ಮ ಏಳನೇ ಗ್ರೀನ್ ಮಾಡಿದವರು ಯಾರು?

ಅದನ್ನು ಕಂಡಾಗ ನನಗೆ ನಗು ಬಂತು. "ಸುಲೋ, ಅಲ್ಲಿ ನಿನ್ನ ಹೆಸರು ಬರಿ. ಕೈಯಾರೆ ಬರೆದುಕೊಡ್ಲಿ ಅಂತ ಕೇಳಿದ್ದು ಅವನೇ ತಾನೆ? ಅವನು ಹಾಕಿದ ಬಲೇಲಿ ಅವನೇ ಬೀಳ್ಲಿ."

ಸುಲೋ ಬನ್ನು ಮುರಿದು ಕಾಫಿಯಲ್ಲಿ ಅದ್ದಿದ.

ಶನಿವಾರ ಪರೀಕ್ಷೆಯಾಯಿತು. ಸೋಮವಾರ ಪೆಟ್ಟೇರಿ ನನ್ನನ್ನು ಕಚೇರಿಗೆ ಕರೆದು ಆ ಹಾಳೆಯನ್ನು ಮುಂದೆ ಹಿಡಿದ. "ಪಾಸು. ಬೆಳಗ್ಗೇನೇ ಬಂದು ಕಾರ್ಡ್ ಇಸ್ಕೊಂಡು ಹೋದ. ಇಪ್ಪತ್ತನೇದು ಓದು."

ನಡುಗುವ ದಪ್ಪ ಅಕ್ಷರದಲ್ಲಿ ಬರೆದಿತ್ತು: ಹಾಗ್‌ಮನ್.

"ಕೈಬರಹ ಅವನದೇ ತಾನೆ? ಕಲ್ಲು ಕೆತ್ತೋರಿಗೆ ಫೋನ್ ಮಾಡಾಯ್ತು."

ಹುಲ್ಲು ಕತ್ತರಿಸುವ ಗಾಡಿ ಹತ್ತಿ ಏಳನೆಯದಕ್ಕೆ ಓಡಿಸಿದೆ. ಸುಲೋ ಗ್ರೀನಿನ ಮೇಲೆ ಒಬ್ಬನೇ ನಿಂತಿದ್ದ, ಕೈಯಲ್ಲಿ ಎರವಲು ತಂದ ಕೋಲು, ಜೇಬಿನಲ್ಲಿ ಕಾರ್ಡು. ಚೆಂಡು ಕುಳಿಯಿಂದ ಎಂಟು ಹೆಜ್ಜೆ ದೂರದಲ್ಲಿತ್ತು.

"ಏನು ಮಾಡ್ಬಿಟ್ಟೆ ಮುದುಕಾ! ಅವನ ಹೆಸರು ಬರೆದ್ಯಾ? ನಿನ್ನ ಕೈಗೆ ಲಕ್ವ ಹೊಡೀಬಾರ್ದಿತ್ತಾ ಆಗ?"

"ಬೇರೆ ಮೂರು ಪ್ರಶ್ನೆಗೆ ಉತ್ತರ ಹೊಳೀಲಿಲ್ಲ ಕಣೇ. ಇದೂ ತಪ್ಪಾಗಿದ್ರೆ ನಾಲ್ಕು."

"ತಪ್ಪಾ? ಅದೊಂದೇ ಸರಿಯಾದ ಉತ್ತರ ಆಗ್ತಿತ್ತು!"

"ಅವ್ರು ಕೊಡೋ ಕಾರ್ಡಿಗೆ ಅವ್ರ ಉತ್ತರಾನೇ ಬೇಕು. ಮುಂದಿನ ಪರೀಕ್ಷೆ ಬರೋ ವರ್ಷ. ಅಷ್ಟ್ರಲ್ಲಿ ನನ್ನ ಕಣ್ಣು ಇರಲ್ಲ."

"ಇನ್ಮೇಲೆ ಬಂದೋರೆಲ್ಲ ಆ ಕಲ್ಲು ಓದ್ತಾರೆ! ನೀನು ಸತ್ಮೇಲೂ ಓದ್ತಾರೆ! ನಾನು ಆರು ವಾರ..."

ಅವನು ಕೈ ಎತ್ತಿದ. "ಯಾರಾದ್ರೂ ಹೊಡೆಯೋವಾಗ ಮಾತಾಡ್ಬಾರ್ದು. ಐದನೇ ಪ್ರಶ್ನೆ. ನೀನೇ ಹೇಳ್ಕೊಟ್ಟಿದ್ದು."

ಬಾಯಿ ಮುಚ್ಚಿಕೊಂಡೆ. ಅವನು ಕುಳಿಯ ಕಡೆ ನೋಡಲೇ ಇಲ್ಲ, ನೋಡಿದರೂ ಕಾಣುತ್ತಿರಲಿಲ್ಲ. ಕಾಲಿನಿಂದ ನೆಲವನ್ನು ಮೆಲ್ಲಗೆ ಒತ್ತಿ, ತೀರಾ ಬಲಕ್ಕೆ ತಿರುಗಿ ನಿಂತು ಹೊಡೆದ. ಚೆಂಡು ಬಲಕ್ಕೇ ಹೋಯಿತು, ನಿಧಾನವಾಗಿ ಎಡಕ್ಕೆ ವಾಲಿತು, ಕುಳಿಯ ದಾರಿ ಹಿಡಿಯಿತು.

"ಬಿತ್ತಾ?" ಎಂದ.

"ಇಲ್ಲ. ಒಂದು ಗೇಣು ಹಿಂದೆ ನಿಂತಿದೆ."

ಸುಲೋ ಮುಖ ಕೆಂಪಗೆ ಮಾಡಿಕೊಂಡು ನನ್ನ ಕಡೆ ತಿರುಗಿದ. "ಹಂಗಾದ್ರೆ ನೀನು ಹುಲ್ಲು ಉದ್ದ ಬಿಟ್ಟಿದೀಯ. ಇಳಿಜಾರು ಸರಿಯಾಗೇ ಇದೆ. ಅದನ್ನ ಮಾಡಿದೋನು ನಾನು."

ಆ ಮಾತು ಅವನ ಬಾಯಿಂದ ಬಂದದ್ದು ನಲವತ್ತು ವರ್ಷದಲ್ಲಿ ಅದೊಂದೇ ಸಲ. ಕೇಳಿಸಿಕೊಳ್ಳಲು ಅಲ್ಲಿ ನನ್ನನ್ನು ಬಿಟ್ಟು ಒಂದು ನರಪಿಳ್ಳೆಯೂ ಇರಲಿಲ್ಲ.