ಮುದ್ದೆಯೊಳಗೆ ಹೋದ ಮಾತ್ರೆ

ಬೈಲಪ್ಪ ಮುದ್ದೆ ನುಂಗಿದರೆ ಹೊಸಕೋಟೆ ಕೆರೆಯಲ್ಲಿ ಅಲೆ ಏಳುತ್ತಿತ್ತು. ಏರಿಯ ಮೇಲಿನ ಕೊಕ್ಕರೆಗಳು ಗಾಬರಿಯಿಂದ ಹಾರಿ ದೇವನಹಳ್ಳಿಯಲ್ಲಿ ಇಳಿಯುತ್ತಿದ್ದವು. ಅಂಥ ಗಂಡಾಳು ಈಗ ಕೋಸಿನ ಮಂಕರಿ ಹೊತ್ತು ಬದು ದಾಟುವಷ್ಟರಲ್ಲಿ ಎದೆ ಹಿಡಿದು ಕೂರುತ್ತಿದ್ದ.

ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, "ಹೃದಯಕ್ಕೆ ರಕ್ತ ಹೋಗೋ ನಾಳ ಕಟ್ಟಿಕೊಂಡ ಹಾಗಿದೆ. ಬೀಡಿ ಬಿಡಿ. ಮೊದಲು ಮಾತ್ರೆ ನೋಡೋಣ. ತಗ್ಗದಿದ್ದರೆ ವೆಲ್ಲೂರಿಗೆ ಕಳಿಸ್ತೀನಿ, ಈಚೆಗೆ ಅಲ್ಲಿ ಎದೆ ತೆರೆದು, ಪಕ್ಕಕ್ಕೆ ಇನ್ನೊಂದು ನಾಳ ಜೋಡಿಸ್ತಾರೆ" ಎಂದಿದ್ದರು. ದಿನಕ್ಕೊಂದು ಮಾತ್ರೆ, ನೋವು ಬಂದಾಗ ಇನ್ನೊಂದು ಪುಟ್ಟ ಮಾತ್ರೆ. ತಿಂಗಳಾದರೂ ನೋವು ಜಗ್ಗಲಿಲ್ಲ.

"ಮಾತ್ರೆ ಎಲ್ಲಾ ಬರೀ ಸೀಮೆಸುಣ್ಣ! ನಾಳೆನೇ ವೆಲ್ಲೂರಿಗೆ ಹೋಗಿ ಎದೆ ಕುಯ್ಸ್ಕೊಂಡ್ ಬರ್ತೀನಿ!" ಜಗಲಿಯ ಮೇಲೆ ಬೈಲಪ್ಪ ಗುಡುಗಿದ ಹೊಡೆತಕ್ಕೆ ನೆಲಮಂಗಲದಲ್ಲಿ ಮಳೆ ಬಂತು. ಒಳಗೆ ಮಾತ್ರ ಅವನ ಜೀವ ಪುಕುಪುಕು ಅನ್ನುತ್ತಿತ್ತು.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸು ಅನುಸೂಯಮ್ಮ ಬಂದರು. ಹೆಂಡತಿ ಸಪ್ಪಲಮ್ಮ, "ನೀನೇ ಹೇಳವ್ವ ಇವ್ರಿಗೆ" ಎಂದು ಅವರ ಕೈ ಹಿಡಿದಳು.

"ನೋವು ಬಂದಾಗ ಮಾತ್ರೆ ಹೆಂಗ್ ತಗೊಂಡ್ರಿ, ಬೈಲಪ್ಪನೋರೆ?"

"ಹೆಂಗೇನು? ಮುದ್ದೇಲಿ ಒತ್ತಿ, ಸಾರಲ್ಲಿ ಅದ್ದಿ, ಗುಳುಂ!"

ಅನುಸೂಯಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ! ಈ ಪುಟ್ಟ ಮಾತ್ರೆ ನುಂಗೋದಲ್ಲ. ಕೂತ್ಕೊಂಡು ನಾಲಿಗೆ ಕೆಳಗಿಟ್ಟು ಕರಗಿಸ್ಬೇಕು."

"ನುಂಗ್ದೇ ಇರೋದು ಇವ್ರ ವಂಶದಲ್ಲೇ ಇಲ್ಲ," ಸಪ್ಪಲಮ್ಮ ಚುಚ್ಚಿದಳು.

ರೋಷಕ್ಕೆ ಬೈಲಪ್ಪ ಎದ್ದು ಜಗಲಿಯ ಮೂಲೆಯಲ್ಲಿದ್ದ ಕೋಸಿನ ಮಂಕರಿ ಎತ್ತಿದ. ಎದೆಯ ಮೇಲೆ ಒನಕೆ ಊರಿದಂತಾಯಿತು. ಅನುಸೂಯಮ್ಮ ಅವನನ್ನು ಕೂರಿಸಿ, ಮಾತ್ರೆಯನ್ನು ನಾಲಿಗೆ ಕೆಳಗೆ ಇಡಿಸಿದರು. ಸ್ವಲ್ಪ ಹೊತ್ತಿಗೆ ಒನಕೆ ಮೇಲೆದ್ದಿತು.

"ಹಂಗಾದ್ರೆ ವೆಲ್ಲೂರೂ ಬೇಡ, ಡಾಕ್ಟ್ರೂ ಬೇಡ!"

"ಮತ್ತೆ ಅವಸರ! ಇದು ನೋವು ಇಳಿಸ್ತದೆ, ಕಟ್ಟಿರೋ ನಾಳ ಬಿಡಿಸಲ್ಲ. ಕೆಲವ್ರಿಗೆ ಮಾತ್ರೆ, ಪಥ್ಯ ಸಾಕು. ಕೆಲವ್ರಿಗೆ ಆಪರೇಷನ್ನೇ ಬೇಕು. ನಿಮ್ಗೆ ಯಾವ್ದು ಅಂತ ಡಾಕ್ಟ್ರು ನೋಡಿ ಹೇಳ್ಬೇಕು. ನುಂಗಿದ್ದನ್ನ ಮುಚ್ಚಿಡದೆ ಹೇಳಿ. ಎರಡರಲ್ಲೂ ಲಾಭ ಏನು, ಅಪಾಯ ಏನು ಕೇಳಿ."

"ಡಾಕ್ಟ್ರು ನಗ್ತಾರಲ್ಲಮ್ಮ!"

"ನಗ್ಲಿ ಬಿಡಿ. ಗೊತ್ತಿಲ್ದೆ ಎದೆ ಕುಯ್ಯೋದಕ್ಕಿಂತ ವಾಸಿ."

ಬೈಲಪ್ಪ ಬೀಡಿ ಕಟ್ಟನ್ನು ಒಲೆಗೆ ಎಸೆದ. ಹೊಗೆ ಸೋಂಪುರದ ತನಕ ಹೋಯಿತು. ಬೆಳಿಗ್ಗೆ ಬೆಂಗಳೂರಿನ ಮೊದಲ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತು, ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದ: "ಡಾಕ್ಟ್ರೇ, ಮಾತ್ರೆ ಮುದ್ದೇಲಿ ನುಂಗ್ಬಿಟ್ಟೆ."

ಅಣ್ಣಂದಿರೇ, ಅಕ್ಕಂದಿರೇ, ಮಾತ್ರೆ ಕೊಟ್ಟರೆ ಹೇಗೆ ತೆಗೆದುಕೊಳ್ಳಬೇಕೆಂದು ಕೇಳಿ. ಆಪರೇಷನ್ನಿಗೆ ಹೆದರಿ ಓಡಬೇಡಿ, ದುಡುಕಿ ಒಪ್ಪಲೂಬೇಡಿ. ನಾಲಿಗೆ ಕೆಳಗೆ ಮಾತ್ರೆ ಇಟ್ಟರೂ ಎದೆನೋವು ಇಳಿಯದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಮುದ್ದೆಯನ್ನು ಧಾರಾಳವಾಗಿ ನುಂಗಿ. ಡಾಕ್ಟರನ್ನು ಕೇಳಬೇಕಾದ ಮಾತನ್ನು ನುಂಗಬೇಡಿ.