ಹೆಸರು ಹೇಳಬಾರದ ಬೇರು

೧
ಹೇಗೆ ಶುರುಮಾಡಲಿ? ‘ಹೆಬಳೆಯಲ್ಲಿ ಗಂಗೆ ಎಂಬ ಹೆಂಗಸಿದ್ದಳು’ ಎಂದು ಬರೆದು ಹೊಡೆದುಹಾಕಿದೆ. ‘ಇದ್ದಳು’ ಅನ್ನಲು ಭಯವಾಯಿತು ಮಾರಾಯ್ರೆ. ಇದ್ದಾಳೆ. ನಮ್ಮ ಪಕ್ಕದ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾಳೆ. ನಲವತ್ತೆಂಟು ವರ್ಷ, ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್.

೨
ಕೀಮೋ ನಾಳೆ ಶುರುವಾಗಬೇಕು. ಆದರೆ ರಕ್ತದ ರಿಪೋರ್ಟಿನಲ್ಲಿ ಲಿವರ್ ಕೆಟ್ಟಿದೆ. ಏನು ಕುಡಿಯುತ್ತಿದ್ದೀರಿ ಎಂದು ಡಾಕ್ಟರು ಕೇಳಿದರು. ಬೇರಿನ ಕಷಾಯ. ಯಾವ ಬೇರು? ಗಂಗೆಗೆ ಗೊತ್ತು, ಅಗೆದು ತರುವವಳೇ ಅವಳು. ಆದರೆ ಮದ್ದಿನ ಹೆಸರು ಹೇಳಿದರೆ ಗುಣ ಹೋಗುತ್ತದೆಂದು ಕಾಯ್ಕಿಣಿ ಊರಿನ ನಾಟಿ ವೈದ್ಯೆ ಸಣ್ಣಮ್ಮ ಆಣೆ ಹಾಕಿಸಿದ್ದಾಳೆ. ಕುಡಿಯುವುದು ನಿಲ್ಲಿಸಿದರೆ ಸಾಲದು, ಮೈಯಲ್ಲಿ ಯಾವ ಬೇರಿದೆಯೆಂದು ತಿಳಿಯದೆ ಕೀಮೋ ಕೊಡಲಾರೆ ಎಂದು ಡಾಕ್ಟರು ಫೈಲು ಮುಚ್ಚಿದರು.

(ಸಣ್ಣಮ್ಮನನ್ನೇ ಕೇಳಬಹುದಲ್ಲ ಎನ್ನುತ್ತೀರಿ. ಜಾಣರು ನೀವು. ಕೇಳಿದೆ. ಬೆಲ್ಲ, ನೀರು ಕೊಟ್ಟು ಕಳಿಸಿದಳು.)

೩
ಈ ತುಣುಕು ವಿಜ್ಞಾನಕ್ಕೆ. ಗಂಗೆಯ ಮಗಳು ಅಂಕಿತಾ ಲ್ಯಾಬಿನಲ್ಲಿ ಗಿಡಗಳ ಸಾರ ತೆಗೆದು ಪರೀಕ್ಷೆ ಮಾಡುವವಳು. ಆದರೆ ಕುದಿಸಿದ ಕಷಾಯದಿಂದ ಬೇರು ಯಾವುದೆಂದು ಹುಡುಕಲು ಅವಳಿಗೂ ವಾರಗಟ್ಟಲೆ ಬೇಕು.

“ಅಮ್ಮಾ, ಗಿಡದಿಂದ ಬಂದ ಕ್ಯಾನ್ಸರ್ ಮದ್ದು ಇಲ್ಲ ಅಂತ ಹೇಳೂದಿಲ್ಲ. ನಾನೇ ಲ್ಯಾಬಿನ ತಟ್ಟೆಲಿ ಕ್ಯಾನ್ಸರ್ ಜೀವಕೋಶ ಸಾಯೂದು ನೋಡಿದ್ದೆ. ಆದ್ರೆ ತಟ್ಟೆಗೆ ಲಿವರ್ ಇಲ್ಲ, ನಿಂಗೆ ಅದೆ.”

ಗಂಗೆಗೆ ಕೇಳಿಸಿದ್ದು ಸಾಯುವ ಜೀವಕೋಶ ಮಾತ್ರ. ಆ ದಿನ ಎರಡು ಲೋಟ ಕುಡಿದಳು.

೪
ಅಂತ್ಯ ಒಂದು: ಹೆಸರು ಹೇಳುತ್ತಾಳೆ, ಗುಣವಾಗುತ್ತಾಳೆ, ಮತ್ತೆ ಮಲ್ಲಿಗೆ. (ಥೇಟ್ ಸಿನಿಮಾ.) ಅಂತ್ಯ ಎರಡು: ಹೇಳುವುದಿಲ್ಲ. ಇದನ್ನು ಅರ್ಧ ಬರೆದು ನೋಟುಬುಕ್ಕು ಮುಚ್ಚಿದೆ. 

೬
(ಐದನೆಯದನ್ನು ಹರಿದೆ. ಅದರಲ್ಲಿ ಬರೀ ಉಪದೇಶವಿತ್ತು.)

“ಗಂಗಕ್ಕ, ಹೇಳು ಮಾರಾಯ್ತಿ. ನನ್ನ ಕತೆಗಲ್ಲ, ನಿನ್ನ ಜೀವಕ್ಕೆ.”

“ಹೇಳಿರೆ ಗುಣ ಹೋಗ್ತದೆ ತಂಗಿ. ಆಮೇಲೆ ನಂಗೆ ಎಂತ ಉಳೀತು?”

“ಕೀಮೋ ಅದೆಯಲ್ಲ.”

“ಅದ್ರಲ್ಲಿ ನಾ ಬದುಕ್ತೆ ಅಂತ ಡಾಕ್ಟ್ರು ಹೇಳ್ಲಿಲ್ಲ. ನೋಡುವ ಅಂದ್ರು. ಕತೆ ಬರೆಯೂದು ನೀನಲ್ಲ? ಮೊದ್ಲು ‘ಗಂಗೆ ಬದುಕಿದಳು’ ಅಂತ ಬರಿ. ಆಮೇಲೆ ಹೇಳ್ತೆ.”

ಬರೆದೆ. ಎರಡೇ ಪದ. ಗಂಗೆ ಅದನ್ನು ನಿಧಾನವಾಗಿ ಓದಿ, ನೋಟುಬುಕ್ಕನ್ನು ನನ್ನ ಕಡೆ ತಿರುಗಿಸಿದಳು.

“ಆಸ್ಪತ್ರೆಯವ್ರು ನನ್ ಹತ್ರ ಏಳು ಸೈ ತಕಂಡ್ರು, ಎಂತ ಆದ್ರೂ ನಾನೇ ಹೊಣೆ ಅಂತ. ಇದ್ರ ಕೆಳಗೆ ನೀ ಒಂದು ಹಾಕು.”

ಅಂಕಿತಾ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದಾಳೆ, ಆ ಕಡೆ ಡಾಕ್ಟರು ಕಾಯುತ್ತಿದ್ದಾರೆ. ಗಂಗೆ ನನ್ನ ಕೈಯನ್ನೇ ನೋಡುತ್ತಿದ್ದಾಳೆ. ನನಗೆ ಹೆದರಿಕೆ, ಓದುಗರೇ. ಪೆನ್ನು ಇಲ್ಲಿದೆ. ನಿಮ್ಮಲ್ಲಿ ಯಾರಾದರೂ ಸೈ ಹಾಕುವುದಿದ್ದರೆ ತಗೊಳ್ಳಿ.