ನಾಲ್ಕು ತುಂಡು

"ಕೈ ಕಟ್ಟು ಮಾರಾಯ್ತಿ. ದೊರೆಸಾನಿಯ ಎದುರು ಕೈ ಇಳಿಬಿಟ್ಟು ನಿಂತರೆ ಮರ್ಯಾದೆಯಾ?" ಎಂದು ನರ್ಸ್ ಆಗ್ನೆಸ್ ಕುಶಲಾಳ ಎರಡೂ ಕೈಗಳನ್ನು ಎತ್ತಿ ಎದೆಯ ಮೇಲೆ ಸೇರಿಸಿದಳು.

ಹೆಂಗಸರ ಆಸ್ಪತ್ರೆಯ ಜಗಲಿಯಲ್ಲಿ ನರ್ಸ್ ಕೆಲಸ ಕಲಿಯಲು ಬಂದ ಹುಡುಗಿಯರು ಸಾಲಾಗಿ ನಿಂತಿದ್ದರು. ಇಂಗ್ಲಿಷ್ ಓದಿ ತೋರಿಸಿದವರಿಗೆ ಇಲ್ಲೇ ಊಟ, ವಸತಿ. ಆಗದಿದ್ದರೆ ಕುಶಲಾ ಶನಿವಾರ ಕೂಲಿಯಾಳುಗಳನ್ನು ಒಯ್ಯುವ ಮೇಸ್ತ್ರಿಯ ಜೊತೆ ಘಟ್ಟದ ಕಾಫಿ ತೋಟಕ್ಕೆ ಹೋಗಬೇಕು. ಮಾವ ಮಾಯಿಲಪ್ಪ ಮಾತು ಕೊಟ್ಟಾಗಿತ್ತು. ಹೋದ ವರ್ಷ ಅಕ್ಕ ಮುದ್ದುವನ್ನು ಕಳಿಸಿದವನೂ ಅವನೇ. ಅವಳು ಚಳಿಜ್ವರ ಬಂದು ಅಲ್ಲೇ ಸತ್ತಿದ್ದಳು.

ಆಗ್ನೆಸ್ ಕುದ್ರೋಳಿಯಲ್ಲಿ ಕುಶಲಾಳ ನೆರೆಮನೆಯವಳು. ಸಂಜೆ ಕುಶಲಾ ಬೀಡಿ ಕಟ್ಟುತ್ತ ಕೂತಾಗ ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದಳು. "ಉದ್ದ ಶಬ್ದಕ್ಕೆ ಹೆದರಬೇಡ, ತುಂಡು ಮಾಡು. ಡಿಸ್‌ಇನ್‌ಫೆಕ್ಟೆಂಟ್ ನೋಡು. ಡಿಸ್ ಅಂದರೆ ತೆಗೆಯುವುದು, ಇನ್‌ಫೆಕ್ಟ್ ಅಂದರೆ ರೋಗ ಅಂಟುವುದು. ಮೀನಿನ ತಲೆ ಬಾಲ ಕೊಯ್ದ ಹಾಗೆ."

"ಮೀನಾದರೆ ಸಾರಿಗಾದರೂ ಆಗ್ತದೆ ಆಗ್ನೆಸ್ ಬಾಯಿ," ಎನ್ನುತ್ತಿದ್ದಳು ಕುಶಲಾ.

ಕೈ ಮಾತ್ರ ತನ್ನ ಪಾಡಿಗೆ ಕಲಿತಿತ್ತು. ಎಲೆ ಹಿಡಿದಾಗ ಡಿಸ್, ಹೊಗೆಸೊಪ್ಪು ಹಾಕಿದಾಗ ಇನ್, ಸುತ್ತುವಾಗ ಫೆಕ್, ನೂಲು ಕಟ್ಟುವಾಗ ಟೆಂಟ್. ಹಾಗೇ ಪುಸ್ತಕ ಮುಗಿದಿತ್ತು. ಬೀಡಿ ಕಟ್ಟದೆ ಅವಳು ಒಂದು ಸಾಲೂ ಓದಿದವಳಲ್ಲ. ಅದು ಇಬ್ಬರಿಗೂ ಹೊಳೆದಿರಲಿಲ್ಲ.

ಸರದಿ ಬಂದು ಒಳಗೆ ಹೋದಾಗ ಡಾಕ್ಟರ್ ದೊರೆಸಾನಿ ಪುಸ್ತಕ ತೆರೆದು ಒಂದು ಶಬ್ದದ ಕೆಳಗೆ ಬೆರಳಿಟ್ಟಳು. "ಇದು ಓದು."

ಕುಶಲಾ ಕಟ್ಟಿದ ಕೈಗಳನ್ನು ಇನ್ನೂ ಬಿಗಿದಳು. ಶಬ್ದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಇತ್ತು. ಎಲ್ಲಿ ಕೊಯ್ಯುವುದು? ಹಿಂದೆ ಬಾಗಿಲಲ್ಲಿ ಕಾಯುತ್ತಿದ್ದ ಹುಡುಗಿ ಕಿಸಕ್ಕೆಂದಳು. ಕುಶಲಾಳ ಕೈ ಬಿಚ್ಚಿತು. ಬೆರಳುಗಳು ಗಾಳಿಯಲ್ಲಿ ಎಲೆ ಹಿಡಿದವು, ಸುತ್ತಿದವು.

"ಕಾನ್... ವ... ಲೆ... ಸೆನ್ಸ್."

"ಎಂತ ಅದು ಕೈಯಲ್ಲಿ? ಮಂತ್ರವಾ?" ದೊರೆಸಾನಿ ನಗಲಿಲ್ಲ. ಪುಟ ತಿರುಗಿಸಿದಳು. "ಸರಿಯಾಗಿ ನಿಲ್ಲು. ಕೈ ಕಟ್ಟು. ಈಗ ಇದು ಓದು."

ಕುಶಲಾ ಕೈ ಕಟ್ಟಿದಳು. ಬಾಯಿ ತೆರೆದಳು. ಬೆರಳು ಅಲುಗದೆ ಶಬ್ದ ತುಂಡಾಗಲಿಲ್ಲ. ದೊರೆಸಾನಿ ಸ್ವಲ್ಪ ಹೊತ್ತು ಕಾದು ಮುಂದಿನವಳ ಹೆಸರು ಕರೆದಳು.

ಹಿತ್ತಿಲ ಬಾಗಿಲಿಗೆ ಆಗ್ನೆಸ್ ಓಡಿ ಬಂದಳು. "ಎಂತಾಯ್ತು? ಎಂತ ಹೇಳಿದ್ರು?"

"ಘಟ್ಟದಲ್ಲಿ ತುಂಬಾ ಚಳಿ ಉಂಟಂತೆ ಬಾಯಿ. ಹಳೇ ಕಂಬಳಿ ಇದ್ರೆ ಕೊಡ್ತೀರಾ?"

ಹಿತ್ತಿಲ ಹಗ್ಗದಲ್ಲಿ ಆಸ್ಪತ್ರೆಯ ಕೆಂಪು ಕಂಬಳಿಗಳು ಒಣಗುತ್ತಿದ್ದವು. ಆಗ್ನೆಸ್ ಆಚೀಚೆ ನೋಡಿ, ತುದಿಯದೊಂದನ್ನು ಎಳೆದು ಮಡಚತೊಡಗಿದಳು. ಅದು ಇನ್ನೂ ಹಸಿಯಾಗಿತ್ತು.